ಕಂಪೈಲರ್ ಡಂಪ್ ಓದೋಕೇ ಆಗ್ತಿಲ್ಲ, ನೀವೆಲ್ಲ ಏನು ಮಾಡಿದ್ರಿ?

ಕೇಳಿದವ: ನನ್ನ ಪುಟ್ಟ ಭಾಷೆಗೆ ಕಂಪೈಲರ್ ಬರೀತಿದ್ದೀನಿ. ಪ್ರತಿ ಪಾಸ್ (ಕೋಡನ್ನ ಒಮ್ಮೆ ಹಾದುಹೋಗೋ ಹಂತ) ಮುಗಿದ ಮೇಲೂ ಐಆರ್, ಅಂದ್ರೆ ಕಂಪೈಲರ್ ಒಳಗಿನ ಮಧ್ಯಂತರ ಕೋಡ್, ಪ್ರಿಂಟ್ ಮಾಡಿಸ್ತೀನಿ. ಅದೇ ಡಂಪ್. 15 ಸಾಲಿನ ಪ್ರೋಗ್ರಾಮಿಗೆ 900 ಸಾಲು ಡಂಪ್! ಅನುಭವ ಇದ್ದವರು ಹೇಳಿ.

ಇಂಡೆಂಟ್‌ಭಕ್ತ: ನಾನು ಮೂರು ವಾರ ಹಾಳು ಮಾಡ್ಕೊಂಡಿದ್ದು ಬಣ್ಣದಲ್ಲಿ. ಟೈಪಿಗೆ ಹಸಿರು, ಲೇಬಲ್ಲಿಗೆ ಹಳದಿ. ಟರ್ಮಿನಲ್‌ನಲ್ಲಿ ಚಂದ. ಫೈಲಿಗೆ ಬರೆಸಿದೆ ನೋಡಿ, ಸಾಲುಸಾಲಿಗೂ [32ಎಮ್, [0ಎಮ್ ಅನ್ನೋ ಬಣ್ಣದ ಸಂಕೇತಗಳ ಕಸ. ಡಂಪ್ ಹೋಲಿಸೋ 212 ಟೆಸ್ಟೂ ಒಂದೇ ಏಟಿಗೆ ಮಕಾಡೆ. ಔಟ್‌ಪುಟ್ ಟರ್ಮಿನಲ್ಲಿಗೆ ಹೋಗ್ತಿದ್ರೆ ಮಾತ್ರ ಬಣ್ಣ ಹಾಕಬೇಕು ಅಂತ ಹೊಳೆಯೋ ಹೊತ್ತಿಗೆ ಬಣ್ಣದ ಮೇಲಿನ ಆಸೆಯೇ ಸತ್ತಿತ್ತು. ಈಗ ಎರಡು ಸ್ಪೇಸ್ ಇಂಡೆಂಟ್, ಅಷ್ಟೇ.

ಆವರಣಪ್ರಿಯ: ಎಸ್-ಎಕ್ಸ್‌ಪ್ರೆಶನ್ ಹಾಕಿ, ಅಂದ್ರೆ ಎಲ್ಲವನ್ನೂ ಆವರಣದೊಳಗೆ ಬರೆಯೋ ರೀತಿ. (ಕೂಡು (ಗುಣಿಸು ಎ 4) ಬಿ). ಬರೆದದ್ದನ್ನ ಪ್ರೋಗ್ರಾಮೇ ವಾಪಸ್ ಓದಿ ಪಾರ್ಸ್ ಮಾಡಬಹುದು. ಏಳನೇ ಪಾಸಿನ ಮುಂಚಿನ ಡಂಪನ್ನ ಕತ್ತರಿಸಿ, ಆ ಪಾಸಿಗೊಂದಕ್ಕೇ ತಿನ್ನಿಸಿ ಬಗ್ ಹಿಡಿದಿದ್ದೀನಿ. ಬರೀ ಇಂಡೆಂಟಿನಿಂದ ಆಗೋ ಕೆಲಸವಾ ಅದು?

ಇಂಡೆಂಟ್‌ಭಕ್ತ: ಸಾಲಿನ ಕೊನೇಲಿ ಹನ್ನೊಂದು ಆವರಣ ಎಣಿಸಿ ನಿದ್ದೆಗೆಟ್ಟವನು ನಾನು. ನನಗೇ ಪಾಠ ಬೇಡ.

ಡಿಫ್‌ನಂಬಿದವ: ಇಬ್ಬರೂ ಮೇಕಪ್ಪಿನ ಮಾತಾಡ್ತಿದ್ದೀರಿ. ರೋಗ ಇರೋದು ಡಂಪಲ್ಲಿ ಬರೋ ಪಾಯಿಂಟರ್ ವಿಳಾಸದಲ್ಲಿ, ಅಂದ್ರೆ ಮೆಮೊರಿಯ ಜಾಗದ ಸಂಖ್ಯೆಯಲ್ಲಿ. ಓಡಿಸಿದಾಗೆಲ್ಲ ವಿಳಾಸ ಬೇರೆ, ಎರಡು ಡಂಪ್ ಹೋಲಿಸಿ ವ್ಯತ್ಯಾಸ ತೋರಿಸೋ ಡಿಫ್ ತುಂಬ ಕೆಂಪು. ಜಿಸಿಸಿ ಕಂಪೈಲರಿನಲ್ಲಿ ಇದಕ್ಕಂತಲೇ ಡಂಪ್-ನೋಅಡರ್ ಆಯ್ಕೆ ಇಟ್ಟಿದ್ದಾರೆ. ನಾನು ವಿಳಾಸ ಕಿತ್ತು, ನೋಡ್ (ಐಆರಿನ ಒಂದೊಂದು ತುಣುಕು) ಹುಟ್ಟಿದ ಕ್ರಮದಲ್ಲಿ ನಂಬರ್ ಕೊಟ್ಟೆ. ಆದ್ರೂ ಸಾಲುಗಳು ಅದಲುಬದಲು! ಎರಡು ದಿನ ಹುಡುಕಿದ ಮೇಲೆ ಗೊತ್ತಾಯ್ತು, ಸಿಂಬಲ್ ಟೇಬಲ್ (ಹೆಸರುಗಳ ಪಟ್ಟಿ) ಇದ್ದ ಹ್ಯಾಶಿಗೆ ಕೀ ಆಗಿದ್ದೇ ಪಾಯಿಂಟರ್, ಅದಕ್ಕೇ ಕ್ರಮ ಬದಲಾಗ್ತಿತ್ತು. ಪ್ರಿಂಟ್ ಮಾಡೋ ಮುಂಚೆ ಹೆಸರಿನ ಮೇಲೆ ಸಾರ್ಟ್ ಮಾಡಿದೆ, ಶಾಂತಿ.

ಆವರಣಪ್ರಿಯ: ನಡುವೆ ಒಂದು ಇನ್‌ಸ್ಟ್ರಕ್ಷನ್ ಸೇರಿದ್ರೆ ಕೆಳಗಿನ ನಂಬರೆಲ್ಲ ಜಾರಲ್ವಾ?

ಡಿಫ್‌ನಂಬಿದವ: ಹುಟ್ಟಿದ ಕ್ರಮ ಅಂದೆ ಸ್ವಾಮಿ, ಪ್ರಿಂಟ್ ಆಗೋ ಕ್ರಮ ಅಲ್ಲ. ಓದಿ ಮಾತಾಡಿ.

ಆವರಣಪ್ರಿಯ: ಓದಿಯೇ ಕೇಳಿದ್ದು. ಮೊದಲ ಪಾಸ್ ಇವತ್ತು ಒಂದು ನೋಡ್ ಜಾಸ್ತಿ ಹುಟ್ಟಿಸಿದ್ರೆ, ನಿನ್ನೆಯ ಡಂಪಿನ ಜೊತೆ ಹೋಲಿಸೋದು ಹೇಗೆ?

ಡಿಫ್‌ನಂಬಿದವ: ಅದಕ್ಕೇ ಮೂಲ ಕೋಡಿನ ಹೆಸರನ್ನೂ ಅಂಟಿಸ್ತೀನಿ. "ಮೊತ್ತ.2" ಅಂತ.

ಆವರಣಪ್ರಿಯ: ಈಗ ಹೇಳ್ತಿದ್ದೀರಿ.

ಕೇಳಿದವ: ನನ್ನ ಡಂಪಲ್ಲಿ ವಿಳಾಸವೇ ಇಲ್ಲ, ಉದ್ದದ್ದೇ ತೊಂದರೆ...

ಹಳೇಹುಲಿ: ಎಲ್‌ಎಲ್‌ವಿಎಮ್ ಅನ್ನೋ ಕಂಪೈಲರ್ ಸಾಧನದಲ್ಲಿ ಪ್ರಿಂಟ್-ಚೇಂಜ್ಡ್ ಆಯ್ಕೆ ಇದೆಯಲ್ಲ, ಹಾಗೆ ಮಾಡಿ. ಪಾಸ್ ಏನೂ ಬದಲಿಸದಿದ್ರೆ ಐಆರ್ ಪ್ರಿಂಟ್ ಬೇಡ. ಅಂದ ಹಾಗೆ, ಎರಡು ಸ್ಪೇಸ್ ಯಾರಿಗೆ ಸಾಕು? ನಾಲ್ಕು ಬೇಕು.

ಇಂಡೆಂಟ್‌ಭಕ್ತ: ನಾಲ್ಕು ಹಾಕಿ ಒಂಬತ್ತನೇ ಹಂತದ ಲೂಪ್ ತೋರಿಸಿ, ನೋಡೋಣ.