ಪಾಯಿಂಟ್ ಗಾರ್ಡ್ ಯಾರನ್ನು ಮಾಡಲಿ? ಮೂವರು ಹುಡುಗಿಯರು, ಒಂದೇ ಜಾಗ

ಕೇಳಿದವರು: ಪಿಯು ಕಾಲೇಜು ಉಪನ್ಯಾಸಕಿ, ತುಮಕೂರು ಜಿಲ್ಲೆ

ನಾನು ಫಿಸಿಕ್ಸ್ ಪಾಠ ಮಾಡುವವಳು. ನಮ್ಮ ಕಾಲೇಜಿನಲ್ಲಿ ಆಟ ಆಡಿಸುವ ಪಿಡಿ ಹುದ್ದೆ ಖಾಲಿ ಇದೆ. ಓದುವಾಗ ಎರಡು ವರ್ಷ ಬ್ಯಾಸ್ಕೆಟ್‌ಬಾಲ್ ಆಡಿದ್ದೆ ಎಂದು ಸ್ಟಾಫ್ ರೂಮಿನಲ್ಲಿ ಬಾಯಿ ಬಿಟ್ಟಿದ್ದೇ ತಪ್ಪಾಯ್ತು. ಹುಡುಗಿಯರ ಟೀಮು ನನ್ನ ತಲೆಗೆ ಬಂತು. ಹತ್ತು ಜನ ಇದ್ದಾರೆ. ಜಿಲ್ಲಾ ಮಟ್ಟದ ಪಂದ್ಯಕ್ಕೆ ಐದು ವಾರ ಇದೆ. ಹೋದ ವರ್ಷದ ಪಾಯಿಂಟ್ ಗಾರ್ಡ್, ಅಂದರೆ ಬಾಲ್ ತಂದು ಆಟ ನಡೆಸುವವಳು, ಸೆಕೆಂಡ್ ಪಿಯುಸಿ ಮುಗಿಸಿ ಹೋದಳು. ಆ ಜಾಗಕ್ಕೆ ಈಗ ಮೂವರಿದ್ದಾರೆ.

ಒಬ್ಬಳ ಡ್ರಿಬ್ಲಿಂಗ್ ನೋಡೋಕೆ ಚೆಂದ. ಕಾಲಿನ ಸಂದಿ, ಬೆನ್ನ ಹಿಂದೆ, ಎಲ್ಲಾ ಬರುತ್ತದೆ. ಆದರೆ ತಲೆ ಎತ್ತುವುದಿಲ್ಲ, ಬಾಲ್ ಬಿಡುವುದಿಲ್ಲ. ಇನ್ನೊಬ್ಬಳು ಖೋಖೋ ಆಡಿ ಬಂದವಳು. ಗಾಳಿಯ ಹಾಗೆ ಓಡುತ್ತಾಳೆ, ಎದುರಿನವರ ಕೈಯಿಂದ ಬಾಲ್ ಕಿತ್ತುಕೊಂಡು ಬರುತ್ತಾಳೆ. ಅವಳ ಶೂಟಿಂಗ್ ಮಾತ್ರ ದೇವರಿಗೇ ಪ್ರೀತಿ. ಮೂರನೆಯವಳು ವಾಲಿಬಾಲ್ ಟೀಮಿನ ಸೆಟರ್. ಬ್ಯಾಸ್ಕೆಟ್‌ಬಾಲ್‌ಗೆ ಬಂದು ಒಂದೇ ವರ್ಷ. ಕುಳ್ಳಿ, ಎಡಗೈ ಓಡುವುದಿಲ್ಲ. ಆದರೆ ಅವಳು ಒಳಗಿದ್ದಾಗ ಆಟ ಏನೋ ಸಲೀಸಾಗಿ ಸಾಗುತ್ತದೆ. ಯಾಕೆ ಅಂತ ಹೇಳೋಕೆ ನನಗೆ ಬರುತ್ತಿಲ್ಲ.

ಆಡಿದವರು, ಆಡಿಸಿದವರು ದಯವಿಟ್ಟು ಹೇಳಿ. ಪಾಯಿಂಟ್ ಗಾರ್ಡ್ ಆಗುವವಳಲ್ಲಿ ಏನು ನೋಡಬೇಕು?

ಹಳೇ ಗಾರ್ಡ್, ಮಂಡ್ಯ

ಮೇಡಂ, ಬೇರೆಲ್ಲ ಆಮೇಲೆ. ಮೊದಲು ಬಾಲನ್ನು ಅರ್ಧ ಕೋರ್ಟ್ ದಾಟಿಸುತ್ತಾಳಾ ನೋಡಿ. ಎಂಟು ಸೆಕೆಂಡ್ ಟೈಮು. ಎದುರಿನವರು ಫುಲ್ ಕೋರ್ಟ್ ಪ್ರೆಸ್ ಹಾಕಿ, ನಮ್ಮ ಕಡೆಯಿಂದಲೇ ಮುತ್ತಿಕೊಂಡಾಗ ಆ ಎಂಟು ಸೆಕೆಂಡ್ ಎಷ್ಟು ಚಿಕ್ಕದು ಅಂತ ನನಗೆ ಗೊತ್ತು.

ನನ್ನ ಕಥೆಯನ್ನೇ ಹೇಳುತ್ತೇನೆ. ಜಿಲ್ಲಾ ಫೈನಲ್. ನನಗೆ ಎಡಗೈ ಇತ್ತು, ಊಟಕ್ಕೆ ಕೂತಾಗ ನೀರಿನ ಲೋಟ ಎತ್ತೋಕೆ ಮಾತ್ರ. ಎದುರು ಟೀಮಿನ ಕೋಚ್ ಮೊದಲ ಕ್ವಾರ್ಟರ್ ಪೂರ್ತಿ ಕೈಕಟ್ಟಿ ನೋಡಿದರು. ಎರಡನೇ ಕ್ವಾರ್ಟರ್‌ಗೆ ಒಬ್ಬ ಹುಡುಗನನ್ನು ನನ್ನ ಬಲಭುಜಕ್ಕೆ ಅಂಟಿಸಿಬಿಟ್ಟರು. ಬಲಕ್ಕೆ ದಾರಿಯಿಲ್ಲ. ಎಡಕ್ಕೆ ಹೋದರೆ ಸೈಡ್‌ಲೈನ್, ಅಲ್ಲಿ ಇನ್ನೊಬ್ಬ ಕಾಯುತ್ತಿದ್ದಾನೆ. ರೆಫರಿ ಕೈ ಬೀಸಿ ಸೆಕೆಂಡ್ ಎಣಿಸುವುದು ಕಣ್ಣಂಚಿನಲ್ಲಿ ಕಾಣುತ್ತಿತ್ತು. ಸಾಲಾಗಿ ನಾಲ್ಕು ಸಲ ಬಾಲ್ ಕಳೆದೆ. ಐದನೇ ಸಲ ಬಾಲ್ ನನ್ನ ಕಡೆ ಬರುವಾಗಲೇ, ಇದು ಬೇರೆ ಯಾರಿಗಾದರೂ ಹೋಗಬಾರದಾ ಅನ್ನಿಸಿತು. ಅಷ್ಟೇ, ಅವತ್ತಿನ ಆಟ ಅಲ್ಲಿಗೆ ಮುಗಿಯಿತು.

ಹಾಗಾಗಿ ಮೂವರನ್ನೂ ಒಂದು ತುದಿಯಿಂದ ಇನ್ನೊಂದು ತುದಿಗೆ, 28 ಮೀಟರ್, ಎಡಗೈಯಲ್ಲೇ ಬಾಲ್ ತರೋಕೆ ಹೇಳಿ. ಮೊದಲು ಒಬ್ಬ ಡಿಫೆಂಡರ್, ಆಮೇಲೆ ಇಬ್ಬರು. ಮೊದಲನೆಯವಳ ಕಸರತ್ತು ನೋಡಿ ಮರುಳಾಗಬೇಡಿ. ನಿಂತಲ್ಲೇ ನಿಂತು ಕಾಲಿನ ಸಂದಿ ಬಾಲ್ ಆಡಿಸಿದರೆ ಏನು ಬಂತು? ಎರಡು ಡ್ರಿಬಲ್‌ನಲ್ಲಿ ಎಷ್ಟು ದೂರ ಹೋದಳು ಅನ್ನೋದನ್ನು ನೋಡಿ.

ನಿವೃತ್ತ ಪಿಟಿ ಮೇಷ್ಟ್ರು, ದಾವಣಗೆರೆ

ಸೆಟರ್ ಹುಡುಗಿಯನ್ನು ಹಾಕಮ್ಮಾ. ಉತ್ತರ ನಿನ್ನ ಪ್ರಶ್ನೆಯಲ್ಲೇ ಇದೆ.

ವಾಲಿಬಾಲ್‌ನಲ್ಲಿ ಸೆಟರ್ ಏನು ಮಾಡುತ್ತಾಳೆ? ಎರಡನೇ ಬಾಲ್ ಅವಳದ್ದು. ಕೈಗೆ ಬರುವ ಮೊದಲೇ ಈ ಸಲ ಯಾರಿಗೆ ಎತ್ತಬೇಕು ಎಂದು ತೀರ್ಮಾನ ಆಗಿರಬೇಕು. ಯಾರು ಓಡಿ ಬರುತ್ತಿದ್ದಾರೆ, ಬ್ಲಾಕ್ ಎಲ್ಲಿದೆ, ಹೋದ ಸಲ ಯಾರ ಹೊಡೆತ ನೆಟ್ಟಿಗೆ ಬಿತ್ತು, ಅವಳಿಗೆ ಈಗ ಒಂದು ಸುಲಭದ್ದು ಕೊಡಬೇಕಾ. ಇದೇ ಅಲ್ವಾ ಪಾಯಿಂಟ್ ಗಾರ್ಡ್ ಕೆಲಸ? ಎಡಗೈ ಡ್ರಿಬಲ್ ಐದು ವಾರದಲ್ಲಿ ಅಷ್ಟೋ ಇಷ್ಟೋ ಬರುತ್ತದೆ. ಇನ್ನೊಬ್ಬರ ಕಡೆ ನೋಡುವ ಕಣ್ಣು ಐದು ವಾರದಲ್ಲಿ ಬರುವುದಿಲ್ಲ. ಬೇರೆ ಆಟದಿಂದ ಬಂದವಳು ಅಂತ ಹಿಂಜರಿಯಬೇಡ. ಅಮೆರಿಕದ ದೊಡ್ಡ ಲೀಗ್ ಎನ್‌ಬಿಎಯಲ್ಲಿ 2005 ಮತ್ತು 2006ರಲ್ಲಿ ಸಾಲಾಗಿ ಎರಡು ಸಲ ಎಂವಿಪಿ (ಆ ಸೀಸನ್ನಿನ ಅತ್ಯುತ್ತಮ ಆಟಗಾರ) ಆದ ಸ್ಟೀವ್ ನ್ಯಾಷ್ ಹುಡುಗನಾಗಿದ್ದಾಗ ಫುಟ್‌ಬಾಲ್ ಆಡಿಕೊಂಡು ಬೆಳೆದವನು. ಅವರಪ್ಪ ಫುಟ್‌ಬಾಲ್ ಆಟಗಾರ.

ನಾನು ಹುಡುಗರನ್ನು ಆರಿಸುವಾಗ ಬಾಲ್ ಇರುವ ಕಡೆ ನೋಡುತ್ತಲೇ ಇರಲಿಲ್ಲ. ಹತ್ತು ನಿಮಿಷ ಐದೈದು ಜನ ಆಡಿಸುವುದು, ಬಾಲ್ ಕಳೆದುಕೊಂಡವನ ಮುಖ ನೋಡುವುದು. ಒಬ್ಬ ಕೈ ಚೆಲ್ಲಿ ರೆಫರಿ ಕಡೆ ನೋಡುತ್ತಾನೆ. ಒಬ್ಬ ಪಾಸ್ ಹಿಡಿಯದವನನ್ನು ಬೈಯುತ್ತಾನೆ. ಮತ್ತೊಬ್ಬ ಅಷ್ಟು ಹೊತ್ತಿಗಾಗಲೇ ತಿರುಗಿ ಡಿಫೆನ್ಸ್‌ಗೆ ಓಡುತ್ತಿರುತ್ತಾನೆ, ಓಡುತ್ತಲೇ "ನೀನು ಅವನನ್ನು ಹಿಡಿ" ಎಂದು ಕೂಗುತ್ತಿರುತ್ತಾನೆ. ಆ ಕೂಗುವವನೇ ನನಗೆ ಬೇಕಾದವನು.

ಅಂದಹಾಗೆ, ಬಾಯಿ ಸತ್ತವರು ಈ ಜಾಗಕ್ಕೆ ಆಗುವುದಿಲ್ಲ. ನಿಮ್ಮ ಸೆಟರ್ ಮಾತಾಡುತ್ತಾಳಾ? ಅದನ್ನು ನೀನು ಬರೆದಿಲ್ಲ.

ಸೆಂಟರ್ ಆಡುತ್ತಿದ್ದವಳು, ಮೈಸೂರು

ಎಲ್ಲರೂ ಗಾರ್ಡ್ ಕಡೆಯಿಂದ ಹೇಳುತ್ತಿದ್ದೀರಿ. ನಾನು ಬಾಲಿಗಾಗಿ ಕಾಯುತ್ತಾ ನಿಂತವಳ ಕಡೆಯಿಂದ ಹೇಳುತ್ತೇನೆ.

ಆರು ವರ್ಷ ಬುಟ್ಟಿಯ ಕೆಳಗೆ ನಿಂತು ಬೆನ್ನಿಗೆ ಮೊಣಕೈ ತಿಂದಿದ್ದೇನೆ. ಇಬ್ಬರು ಗಾರ್ಡ್‌ಗಳ ಜೊತೆ ಆಡಿದೆ. ಮೊದಲನೆಯವಳು ರಾಜ್ಯ ಮಟ್ಟದವಳು, ಹೆಸರು ಮಾಡಿದವಳು. ಅವಳ ಪಾಸ್ ನನ್ನ ಮೊಣಕಾಲಿಗೆ ಬರುತ್ತಿತ್ತು. ಬಗ್ಗಿ ಎತ್ತಿಕೊಳ್ಳುವಷ್ಟರಲ್ಲಿ ಇಬ್ಬರು ಮೇಲೆ ಬಿದ್ದಿರುತ್ತಿದ್ದರು. ಆಮೇಲೆ "ಹಿಡಿಯೋಕೆ ಬರಲ್ವಾ" ಎಂದು ನನಗೇ ಬೈಗುಳ. ಎರಡನೆಯವಳಿಗೆ ಅಂಥ ಹೆಸರೇನೂ ಇರಲಿಲ್ಲ. ಆದರೆ ಡಿಫೆಂಡರ್ ನನ್ನ ಎಡಕ್ಕಿದ್ದರೆ ಬಾಲ್ ನನ್ನ ಬಲಗೈಗೆ ಬರುತ್ತಿತ್ತು, ಭುಜದ ಎತ್ತರಕ್ಕೆ. ನಾನು ಕೈ ಚಾಚಿ ಕೇಳಿದ ಜಾಗಕ್ಕೇ. ಹಿಡಿದ ಕೂಡಲೇ ತಿರುಗಿ ಹಾಕುವುದಷ್ಟೇ ನನಗೆ ಉಳಿದ ಕೆಲಸ.

ಒಂದು ನಾಚಿಕೆಗೇಡಿನ ಸತ್ಯ. ಮೊದಲನೆಯವಳ ಜೊತೆ ಆಡುವಾಗ ಎರಡು ಮೂರು ಸಲ ಬಾಲ್ ಬರದಿದ್ದರೆ ನಾನು ರಿಬೌಂಡಿಗೆ, ಅಂದರೆ ಬುಟ್ಟಿ ತಪ್ಪಿ ಬಂದ ಬಾಲಿಗೆ, ಜಿಗಿಯುವುದನ್ನೇ ಬಿಡುತ್ತಿದ್ದೆ. ಬೇಕಂತಲೇ ಅಲ್ಲ, ಕಾಲು ಏಳುತ್ತಿರಲಿಲ್ಲ. ಬಾಲ್ ಬರುತ್ತದೆ ಅನ್ನೋ ನಂಬಿಕೆ ಇದ್ದರೆ ಡಿಫೆನ್ಸ್ ಕೂಡ ಚೆನ್ನಾಗಿ ಆಡುತ್ತೇವೆ. ಆದ್ದರಿಂದ ಮೇಡಂ, ಉಳಿದ ಏಳು ಹುಡುಗಿಯರನ್ನು ಒಬ್ಬೊಬ್ಬರನ್ನಾಗಿ ಕರೆದು "ನಿನಗೆ ಯಾರ ಜೊತೆ ಆಡೋಕೆ ಇಷ್ಟ" ಅಂತ ಕೇಳಿ. ಗೆಳೆತನದ ಮೇಲೆ ಒಂದೆರಡು ಉತ್ತರ ಬರಬಹುದು. ಉಳಿದದ್ದು ನಿಜ ಇರುತ್ತದೆ.

ನ್ಯೂಜೆರ್ಸಿ ಕನ್ನಡಿಗ, ಮಗಳು ಸ್ಕೂಲ್ ಟೀಮಿನಲ್ಲಿದ್ದಾಳೆ

ಎತ್ತರದ ಚಿಂತೆ ಬಿಟ್ಟುಬಿಡಿ. 1.60 ಮೀಟರ್ ಎತ್ತರದ ಮಗ್ಸಿ ಬೋಗ್ಸ್ ಎನ್‌ಬಿಎಯಲ್ಲಿ 14 ಸೀಸನ್ ಆಡಿದ. 2.06 ಮೀಟರ್‌ನ ಮ್ಯಾಜಿಕ್ ಜಾನ್ಸನ್ ಕೂಡ ಪಾಯಿಂಟ್ ಗಾರ್ಡೇ. ಜಾನ್ ಸ್ಟಾಕ್ಟನ್ 19 ಸೀಸನ್ ಒಂದೇ ಟೀಮಿಗೆ, ಯೂಟಾ ಜಾಝ್‌ಗೆ, ಆಡಿ 15,806 ಅಸಿಸ್ಟ್ (ಹಿಡಿದವರು ಬುಟ್ಟಿಗೆ ಹಾಕಿದ ಪಾಸ್) ಮಾಡಿದ. ನೋಡೋಕೆ ಬ್ಯಾಂಕ್ ಗುಮಾಸ್ತನ ಹಾಗಿದ್ದ. ಅಷ್ಟು ವರ್ಷದಲ್ಲಿ ತಪ್ಪಿಸಿಕೊಂಡದ್ದು ಬರೀ 22 ಪಂದ್ಯ. ದಿನಾ ಬರುವುದು ಕೂಡ ಒಂದು ಗುಣ. ನಿಮ್ಮ ಹುಡುಗಿಯರಿಗೆ ತೋರಿಸೋದಾದರೆ ಸೂ ಬರ್ಡ್ ಆಟ ತೋರಿಸಿ. ಐದು ಒಲಿಂಪಿಕ್ ಚಿನ್ನ ಗೆದ್ದವಳು, ಅಲ್ಲಿನ ಮಹಿಳಾ ಲೀಗ್ ಡಬ್ಲ್ಯುಎನ್‌ಬಿಎಯಲ್ಲಿ 3,234 ಅಸಿಸ್ಟ್‌ಗಳ ದಾಖಲೆ ಇಟ್ಟು 2022ರಲ್ಲಿ ನಿವೃತ್ತಿಯಾದಳು.

ಫಿಸಿಕ್ಸ್ ಮೇಡಂ ಆದ್ದರಿಂದ ಲೆಕ್ಕ ಇಷ್ಟವಾಗಬಹುದು. ಎಷ್ಟು ಅಸಿಸ್ಟ್, ಎಷ್ಟು ಟರ್ನ್‌ಓವರ್ (ಬಾಲ್ ಕಳೆದದ್ದು) ಅಂತ ಬರೆದುಕೊಂಡು ಭಾಗಿಸುವುದು ರೂಢಿ. ಕಾಲೇಜು ಮಟ್ಟದಲ್ಲಿ ಅದು ಮೋಸ ಮಾಡುತ್ತದೆ. ಪಾಸ್ ಬಂಗಾರದಂಥದ್ದು ಇರುತ್ತದೆ, ಹಿಡಿದವಳು ಬುಟ್ಟಿಯ ಪಕ್ಕದಿಂದ ಹಾಕುವ ಲೇಅಪ್ ತಪ್ಪಿಸುತ್ತಾಳೆ. ಅಸಿಸ್ಟ್ ಸೊನ್ನೆ. ಹಾಗಾಗಿ ಬಾಲ್ ಬುಟ್ಟಿಗೆ ಬಿತ್ತೋ ಇಲ್ಲವೋ ಬಿಡಿ, ಹಿಡಿದವಳಿಗೆ ಆರಾಮಾಗಿ ಶೂಟ್ ಮಾಡುವ ಅವಕಾಶ ಸಿಕ್ಕಿತಾ ಅಂತ ಗುರುತು ಹಾಕಿ. ಬೆಂಚಿನಲ್ಲಿ ಕೂತ ಒಬ್ಬಳ ಕೈಗೆ ನೋಟ್‌ಬುಕ್ ಕೊಟ್ಟರೆ ಸಾಕು.

ಇನ್ನು, ಪಂದ್ಯ ಬಿಗಿಯಾದಾಗ ಬಾಲ್ ಯಾರ ಕೈಯಲ್ಲಿರಬೇಕು ಅನ್ನೋದಕ್ಕೆ 1993ರ ಅಮೆರಿಕದ ಕಾಲೇಜು ಫೈನಲ್ ನೋಡಿ. ನಾರ್ತ್ ಕೆರೊಲಿನಾ 73, ಮಿಷಿಗನ್ 71. ಕೊನೆಯ 20 ಸೆಕೆಂಡ್. ಫ್ರೀ ಥ್ರೋ ತಪ್ಪಿ ರಿಬೌಂಡ್ ಮಿಷಿಗನ್‌ನ ಕ್ರಿಸ್ ವೆಬರ್ ಕೈಗೆ ಬಂತು. ಅವನು ಗಾರ್ಡ್ ಅಲ್ಲ, ಎತ್ತರದ ಫಾರ್ವರ್ಡ್. ಗಾರ್ಡ್‌ಗೆ ಕೊಡದೆ ತಾನೇ ಬಾಲ್ ತಟ್ಟಿಕೊಂಡು ಆ ಕಡೆ ಬಂದ. ಮೂಲೆಯಲ್ಲಿ ಇಬ್ಬರು ಮುತ್ತಿಕೊಂಡರು. ಗಾಬರಿಯಲ್ಲಿ ಟೈಮ್‌ಔಟ್ ಕೇಳಿಬಿಟ್ಟ. ಟೀಮಿನ ಹತ್ತಿರ ಟೈಮ್‌ಔಟ್ ಒಂದೂ ಉಳಿದಿರಲಿಲ್ಲ. ಇಲ್ಲದ ಟೈಮ್‌ಔಟ್ ಕೇಳಿದ್ದಕ್ಕೆ ಟೆಕ್ನಿಕಲ್ ಫೌಲ್ ಬಿತ್ತು, 77-71ಕ್ಕೆ ಸೋತರು. ವೆಬರ್ ಆಮೇಲೆ ಎನ್‌ಬಿಎಯಲ್ಲಿ ದೊಡ್ಡ ಆಟಗಾರನಾದ, ಅದು ಬೇರೆ ಮಾತು.

ಟೇಬಲ್ ಅಫಿಶಿಯಲ್, ಹುಬ್ಬಳ್ಳಿ

ಮೇಲಿನವರು ಹೇಳಿದ್ದಕ್ಕೆ ಸಣ್ಣದೊಂದು ಸೇರಿಸುತ್ತೇನ್ರೀ. ನಮ್ಮಲ್ಲಿ ನಡೆಯುವುದು ಫಿಬಾ (ಅಂತರರಾಷ್ಟ್ರೀಯ ಬ್ಯಾಸ್ಕೆಟ್‌ಬಾಲ್ ಸಂಸ್ಥೆ) ನಿಯಮ. ಅದರಲ್ಲಿ ಆಟಗಾರರು ಟೈಮ್‌ಔಟ್ ಕೇಳುವಂತಿಲ್ಲ, ಕೋಚ್ ಸ್ಕೋರ್ ಬರೆಯುವ ಟೇಬಲ್ಲಿಗೆ ಬಂದು ಕೇಳಬೇಕು. ಹಾಗಾಗಿ ಗಾರ್ಡ್‌ಗೆ ಬೆಂಚಿನ ಕಡೆ ಕಣ್ಣು ಹಾಯಿಸುವ ಅಭ್ಯಾಸ ಇರಲಿ.

ಟೇಬಲ್ ಹಿಂದೆ ಕೂತು ನಾನು ಒಂದು ಕಂಡುಕೊಂಡಿದ್ದೇನೆ. ಒಳ್ಳೆ ಗಾರ್ಡ್ ಆಟ ನಿಂತಾಗೆಲ್ಲ ಸ್ಕೋರ್‌ಬೋರ್ಡ್ ನೋಡುತ್ತಾಳೆ. ಎದುರು ಟೀಮಿಗೆ ಆ ಕ್ವಾರ್ಟರ್‌ನಲ್ಲಿ ನಾಲ್ಕು ಫೌಲ್ ಆಗಿದ್ದರೆ, ಐದನೆಯದಕ್ಕೆ ಎರಡು ಫ್ರೀ ಥ್ರೋ. ಆವಾಗ ದೂರದಿಂದ ಶೂಟ್ ಮಾಡುವುದು ಬಿಟ್ಟು ಒಳಗೆ ನುಗ್ಗಬೇಕು. ಇದನ್ನು ನಾಲ್ವರಿಗೂ ಹೇಳುವವಳು ಸಿಕ್ಕರೆ ಬಿಡಬೇಡಿ. ರೆಫರಿ ಹತ್ತಿರ ಜಗಳ ಆಡದೆ, ಮೆಲ್ಲಗೆ "ಸರ್, ಟೀಮ್ ಫೌಲ್ ಎಷ್ಟಾಯ್ತು" ಎಂದು ಕೇಳುವ ಹುಡುಗಿಯರು ವರ್ಷಕ್ಕೆ ಒಬ್ಬರೋ ಇಬ್ಬರೋ ಸಿಗುತ್ತಾರೆ.

ವೀಕೆಂಡ್ ಆಟಗಾರ, ಬೆಂಗಳೂರು

ನನಗೇನೋ ಈ ಪಾಯಿಂಟ್ ಗಾರ್ಡ್ ಅನ್ನೋ ಜಾಗವೇ ಹಳೇ ಕಾಲದ್ದು ಅನ್ನಿಸುತ್ತದೆ. ಎನ್‌ಬಿಎಯ ಯೋಕಿಚ್ ಸೆಂಟರ್ ಆಗಿದ್ದುಕೊಂಡು ಇಡೀ ಟೀಮನ್ನು ಆಡಿಸುತ್ತಾನೆ. ಸ್ಟೀಫನ್ ಕರಿ ಗಾರ್ಡ್ ಆದರೂ ಅವನ ಮೊದಲ ಆಯುಧ ಶೂಟಿಂಗ್. ಯಾರಿಗೆ ಬಾಲ್ ಸಿಗುತ್ತದೋ ಅವರು ತರಲಿ ಬಿಡಿ.

ನಿವೃತ್ತ ಪಿಟಿ ಮೇಷ್ಟ್ರು, ದಾವಣಗೆರೆ

ಯೋಕಿಚ್ ತುಮಕೂರು ಜಿಲ್ಲೆಯಲ್ಲಿ ಪಿಯುಸಿ ಓದುತ್ತಿಲ್ಲಪ್ಪಾ. ಹದಿನೇಳು ವರ್ಷದ ಮಕ್ಕಳಿಗೆ ಬಾಲ್ ಯಾರು ತರಬೇಕು ಎಂದು ಹೇಳದಿದ್ದರೆ ಐವರೂ ಬಾಲಿನ ಹಿಂದೆ ಓಡುತ್ತಾರೆ. ಶೂಟಿಂಗ್ ಮಾತು ಒಪ್ಪುತ್ತೇನೆ. ಗಾರ್ಡ್ ಶೂಟ್ ಮಾಡುವುದೇ ಇಲ್ಲ ಎಂದು ಗೊತ್ತಾದರೆ ಅವಳ ಡಿಫೆಂಡರ್ ಅವಳನ್ನು ಬಿಟ್ಟು ಒಳಗೆ ಹೋಗಿ ನಿಲ್ಲುತ್ತಾಳೆ, ನಾಲ್ವರ ಮೇಲೆ ಐವರು ಆಗುತ್ತದೆ. ಖೋಖೋ ಹುಡುಗಿಯ ಹತ್ತಿರ ಬಾಲ್ ಬಿಟ್ಟರೆ ಆಗುವುದು ಅದೇ.

ಕೇಳಿದವರು, ಎರಡು ವಾರದ ನಂತರ

ಎಲ್ಲರಿಗೂ ಥ್ಯಾಂಕ್ಸ್. ಒಂದಿಷ್ಟು ಮಾಡಿ ನೋಡಿದೆ.

ಮೈಸೂರಿನ ಮೇಡಂ ಹೇಳಿದ ಹಾಗೆ ಏಳು ಜನರನ್ನೂ ಕೇಳಿದೆ. ಐವರು ಸೆಟರ್ ಹೆಸರು ಹೇಳಿದರು. ಒಬ್ಬಳು "ಅವಳು ಕೊಟ್ಟರೆ ನಂಗೆ ಮೊದಲೇ ಗೊತ್ತಾಗುತ್ತೆ ಮಿಸ್" ಅಂದಳು. ಏನು ಗೊತ್ತಾಗುತ್ತೆ ಅಂದರೆ ನಕ್ಕಳು.

ನೋಟ್‌ಬುಕ್ ಲೆಕ್ಕದಲ್ಲಿ ನಾನು ಅಂದುಕೊಂಡಿರದ ಒಂದು ಹೊರಬಂತು. ಡ್ರಿಬ್ಲಿಂಗ್ ಹುಡುಗಿ ಕೊಟ್ಟ ಪಾಸ್‌ಗಳು ಕಡಿಮೆ, ಆದರೆ ಕೊಟ್ಟಿದ್ದು ಬಹುಪಾಲು ಒಳ್ಳೆಯವು. ಅವಳಿಗೆ ಕಾಣಿಸುತ್ತದೆ, ಬಾಲ್ ಬಿಟ್ಟರೆ ವಾಪಸ್ ಬರುವುದಿಲ್ಲ ಅನ್ನೋ ಭಯ ಅಷ್ಟೇ. ಕೇಳಿದಾಗ ಅವಳೇ ಹೇಳಿದಳು, ಹೈಸ್ಕೂಲಿನಲ್ಲಿ ಹುಡುಗರ ಜೊತೆ ಆಡಿ ಬೆಳೆದವಳಂತೆ. ಒಂದು ಸಲ ಬಿಟ್ಟರೆ ಆಮೇಲೆ ಇವಳಿಗೆ ಬಾಲ್ ಕೊಡುತ್ತಲೇ ಇರಲಿಲ್ಲವಂತೆ. ಇದು ಮೊದಲೇ ಗೊತ್ತಿದ್ದರೆ ನಾನು ಅಷ್ಟು ರೇಗುತ್ತಿರಲಿಲ್ಲ.

ಈಗ ಹೀಗೆ ಮಾಡಿಕೊಂಡಿದ್ದೇವೆ. ಪ್ರೆಸ್ ಬಿದ್ದರೆ ಡ್ರಿಬ್ಲಿಂಗ್ ಹುಡುಗಿ ಅರ್ಧ ಕೋರ್ಟ್ ದಾಟಿಸಿ ಸೆಟರ್ ಕೈಗೆ ಕೊಡುತ್ತಾಳೆ. ಅಲ್ಲಿಂದ ಮುಂದೆ ಸೆಟರ್ ರಾಜ್ಯ. ಕೊಟ್ಟವಳಿಗೆ ಬಾಲ್ ಒಮ್ಮೆಯಾದರೂ ವಾಪಸ್ ಹೋಗಲೇಬೇಕು ಅನ್ನೋದು ನಮ್ಮ ರೂಲು. ಎದುರಿನ ಗಾರ್ಡನ್ನು ಕಾಡುವ ಕೆಲಸ ಖೋಖೋ ಹುಡುಗಿಗೆ. ಪಕ್ಕದ ತಾಲ್ಲೂಕಿನ ಕಾಲೇಜಿನ ಜೊತೆ ಪ್ರಾಕ್ಟೀಸ್ ಮ್ಯಾಚ್ ಆಡಿ ಸೋತೆವು, 31-38. ಹೋದ ತಿಂಗಳು ಅವರ ಮೇಲೆ 20 ದಾಟಿರಲಿಲ್ಲ.

ಮೇಷ್ಟ್ರೇ, ಸೆಟರ್ ಮಾತಾಡುತ್ತಾಳಾ ಅಂತ ಕೇಳಿದ್ದಿರಿ. ಜೋರಾಗಿ ಕೂಗುವುದಿಲ್ಲ. ಆದರೆ ಮೂರನೇ ಕ್ವಾರ್ಟರ್‌ನಲ್ಲಿ ಫ್ರೀ ಥ್ರೋಗೆ ಆಟ ನಿಂತಾಗ ನಮ್ಮ ಎತ್ತರದ ಹುಡುಗಿಯ ಪಕ್ಕ ಹೋಗಿ, "ನೀನು ಆ ಕಡೆ ನಿಂತ್ಕೋ. ಈ ಕಡೆ ನಿಂತರೆ ತಿರುಗುವಾಗ ನಿನ್ನ ಕಾಲು ತೊಡರುತ್ತೆ" ಅಂದಳು. ಎರಡು ತಿಂಗಳಿಂದ ದಿನಾ ನೋಡುತ್ತಿದ್ದೇನೆ, ಅವಳ ಕಾಲು ತೊಡರುವುದು ನನ್ನ ಕಣ್ಣಿಗೆ ಬಿದ್ದಿರಲಿಲ್ಲ.

ಮಂಡ್ಯದ ಸರ್, ಎಡಗೈ ಮಾತ್ರ ಇನ್ನೂ ಹಾಗೇ ಇದೆ. ಸಂಜೆ ಪ್ರಾಕ್ಟೀಸ್ ಒಂದೇ ಗಂಟೆ ಸಿಗುವುದು, ಅದರಲ್ಲಿ ಅರ್ಧ ಮಳೆಗೆ ಹೋಗುತ್ತದೆ. ಅವಳು ಹಾಸ್ಟೆಲ್‌ನಿಂದ ಕಾಲೇಜಿಗೆ ನಡೆದುಕೊಂಡೇ ಬರುವವಳು. ಬೇರೆ ಟೈಮು ಎಲ್ಲಿಂದ ತರಲಿ?

ಹಳೇ ಗಾರ್ಡ್, ಮಂಡ್ಯ

ಆ ದಾರಿಯೇ ಸಾಕು ಮೇಡಂ. ಹೋಗುವಾಗ ಬರುವಾಗ ಎಡಗೈಯಲ್ಲೇ ಬಾಲ್ ತಟ್ಟಿಕೊಂಡು ಬರಲಿ, ಬ್ಯಾಗು ಬಲಗೈಯಲ್ಲಿರಲಿ. ಬಾಲ್ ನೋಡಬಾರದು, ಅಂಗಡಿ ಬೋರ್ಡ್ ಓದಿಕೊಂಡು ಬರಬೇಕು. ಮೊದಲ ವಾರ ಬಾಲ್ ಚರಂಡಿಗೆ ಬೀಳುತ್ತದೆ, ಹಳೇದೊಂದು ಕೊಡಿ. ಬೀದಿ ನಾಯಿಗಳಿದ್ದರೆ ಮಾತ್ರ ಹುಷಾರು, ನನ್ನ ಬಾಲೊಂದು ಹಾಗೇ ಹೋಯ್ತು.