ಸಹಾಯ ಬೇಕು: ಸಿಂಪ್ಸನ್ ಮರುಭೂಮಿ ದಾಟೋಕೆ ಯಾವ ದಾರಿ?

ಎಲ್ಲರಿಗೂ ನಮಸ್ಕಾರ್ರೀ. ನಾನು ಗಂಗಾವತಿಯವನು. ಅಡಿಲೇಡ್‌ನಲ್ಲಿರೋ ನಮ್ಮ ಭಾವ, ಜುಲೈನಲ್ಲಿ ಫೋರ್‌ವೀಲ್ ಗಾಡಿಯಲ್ಲಿ ಆಸ್ಟ್ರೇಲಿಯಾದ ಸಿಂಪ್ಸನ್ ಮರುಭೂಮಿ ದಾಟೋಣ ಬಾ ಅಂತ ಕರೆದಿದ್ದಾರೆ. ದಾರಿ ಆರಿಸೋ ಕೆಲಸ ಮಾತ್ರ ನನ್ನ ತಲೆಗೆ ಕಟ್ಟಿದ್ದಾರೆ!

ಮೌಂಟ್ ಡೇರ್‌ನಿಂದ ಬರ್ಡ್ಸ್‌ವಿಲ್‌ಗೆ, ಪಶ್ಚಿಮದಿಂದ ಪೂರ್ವಕ್ಕೆ ಹೋಗೋದಂತೂ ಖಾತ್ರಿ. ದಿಬ್ಬಗಳ ಪೂರ್ವದ ಮಗ್ಗುಲೇ ಕಡಿದು, ಹಾಗಾಗಿ ಈ ಕಡೆಯಿಂದ ಹತ್ತೋದು ಸಲೀಸು. ಗೊಂದಲ ಇರೋದು ನಡುವಿನ ದಾರಿದು. ಫ್ರೆಂಚ್ ಲೈನ್ ನೇರ, ಆದ್ರೆ ಒಂದರ ಹಿಂದೊಂದು ಮರಳು ದಿಬ್ಬ, ಉಸಿರಾಡೋಕೂ ಬಿಡಲ್ಲ. ತೈಲ ಹುಡುಕೋರು ಹಾಕಿದ ರಿಗ್ ರೋಡ್ ಸುತ್ತು ಜಾಸ್ತಿ, ಏರು ಕಮ್ಮಿ. ಕೆಂಪು ಮರಳು, ಉಪ್ಪಿನ ಕೆರೆ ಎರಡೂ ಚೆನ್ನಾಗಿ ಕಾಣೋದು ಯಾವುದರಲ್ಲಿ? ನಾನು ಮರಳಲ್ಲಿ ಗಾಡಿ ಓಡಿಸಿದ್ದು ತುಂಗಭದ್ರಾ ದಂಡೆಯಲ್ಲಷ್ಟೇ.

ನಡುವೆ 500 ಕಿ.ಮೀ.ಗೂ ಹೆಚ್ಚು ದೂರ ಎಲ್ಲೂ ಡೀಸೆಲ್ ಸಿಗಲ್ಲ. ಮರಳಲ್ಲಿ ಗಾಡಿ ಎಷ್ಟು ಕುಡಿಯುತ್ತೆ? ಟೈರ್ ಗಾಳಿ ಎಷ್ಟಕ್ಕೆ ಇಳಿಸಬೇಕು? ಪಾರ್ಕ್ ಪಾಸ್, ದಿಬ್ಬದಾಚೆಯವರಿಗೆ ಕಾಣೋ ಹಾಗೆ ಕಟ್ಟೋ ಉದ್ದ ಬಾವುಟ, ಇವನ್ನ ಭಾವನೇ ನೋಡ್ಕೋತಾರೆ.

ಅಕ್ಕನ ಷರತ್ತು ಒಂದೇ: ಡಾಲ್‌ಹೌಸಿ ಬಿಸಿನೀರಿನ ಬುಗ್ಗೆ ಹತ್ರ ಒಂದು ರಾತ್ರಿ ತಂಗಲೇಬೇಕಂತೆ. ಹೋಗಿ ಬಂದೋರು ಯಾರಾದ್ರೂ ಇದ್ರೆ ದಯವಿಟ್ಟು ಹೇಳ್ರಿ.