‘ಗಟ್ಟಿ’ ಸಸ್ಪೆನ್ಷನ್: ಯಾವುದು ಗಟ್ಟಿ? ಕಾಯಿಲೋವರ್ ಪದಗಳ ಬಗ್ಗೆ

ಎಲ್ಲರಿಗೂ ನಮಸ್ಕಾರ.

ಹಳೇ ವ್ಯಾಗನ್ ಕಾರಿಗೆ ಕಾಯಿಲೋವರ್ ಆರಿಸುವುದು ಹೇಗೆ, ಕೂರಿಸಿದ ಮೇಲೆ ಹದ ಮಾಡುವುದು ಹೇಗೆ ಅಂತ ಕನ್ನಡದಲ್ಲಿ ಒಂದು ಕೈಪಿಡಿ ಬರೆಯುತ್ತಿದ್ದೇನೆ. ವ್ಯಾಗನ್ ಅಂದರೆ ಇಲ್ಲಿ ರೈಲಿನ ಗೂಡ್ಸ್ ಡಬ್ಬಿ ಅಲ್ಲ, ಹಿಂದೆ ಸಾಮಾನಿಗೆ ಉದ್ದ ಜಾಗ ಇರುವ ಎಸ್ಟೇಟ್ ಕಾರು. ಕಾಯಿಲೋವರ್ ಅಂದರೆ ಶಾಕ್ ಅಬ್ಸಾರ್ಬರ್ (ಶಾಕ್) ಮತ್ತು ಅದರ ಸುತ್ತಲಿನ ಸುರುಳಿ ಸ್ಪ್ರಿಂಗ್ ಸೇರಿದ, ಎತ್ತರ ಬದಲಿಸಬಹುದಾದ ಸಸ್ಪೆನ್ಷನ್ ಭಾಗ. ಕೆಲಸ ‘ಗಟ್ಟಿ’ ಅನ್ನುವ ಒಂದೇ ಪದದ ಹತ್ತಿರ ನಿಂತುಬಿಟ್ಟಿದೆ.

ಮಾತಿನಲ್ಲಿ ಎಲ್ಲದಕ್ಕೂ ಗಟ್ಟಿ ಅಂತಲೇ ಹೇಳುತ್ತೇವೆ. ಸ್ಪ್ರಿಂಗ್ ಗಟ್ಟಿ, ಶಾಕ್ ಗಟ್ಟಿ, ಗಾಡಿ ಗಟ್ಟಿ. ಆದರೆ ಇವು ಮೂರೂ ಬೇರೆ ಬೇರೆ. ನಿಂತ ಗಾಡಿಯ ಭಾರ ಹೊರುವುದು ಸ್ಪ್ರಿಂಗ್. 6 ಕೆಜಿ ಸ್ಪ್ರಿಂಗ್ ಅಂದರೆ ಅದನ್ನು ಒಂದು ಮಿಲಿಮೀಟರ್ ಒತ್ತಲು 6 ಕೆಜಿ ಭಾರ ಬೇಕು, ನಿಧಾನವಾಗಿ ಒತ್ತಿದರೂ ಅಷ್ಟೇ, ಜೋರಾಗಿ ಒತ್ತಿದರೂ ಅಷ್ಟೇ. ಶಾಕ್ ಹಾಗಲ್ಲ. ಅದು ವೇಗಕ್ಕೆ ಮಾತ್ರ ಅಡ್ಡ ಬರುತ್ತದೆ. ಗಾಡಿ ಅಲುಗಾಡದೆ ನಿಂತಾಗ ಒಳಗಿನ ಎಣ್ಣೆಗೆ ಏನೂ ಕೆಲಸವಿಲ್ಲ.

ಪದ ಒಂದೇ ಆದರೆ ಏನಾಗುತ್ತದೆ ನೋಡಿ. ಗಾಡಿಯನ್ನು ಚೆಂದಕ್ಕೆ ಅಂತ ಜಾಸ್ತಿ ಇಳಿಸಿದ್ದಾರೆ. ಹಿಂದೆ ನಾಲ್ಕು ಪೆಟ್ಟಿಗೆ ಹೇರಿದರೆ ಶಾಕಿನ ಓಟ ಮುಗಿದು, ಆ ತುದಿಯಲ್ಲಿ ತಡೆಯಲು ಇಟ್ಟಿರುವ ಬಂಪ್ ಸ್ಟಾಪ್ ರಬ್ಬರಿಗೆ ಹೊಡೆಯುತ್ತದೆ. ಒಳಗೆ ಕೂತವರು ‘ಸಸ್ಪೆನ್ಷನ್ ತುಂಬಾ ಗಟ್ಟಿ’ ಅನ್ನುತ್ತಾರೆ. ಮದ್ದು? ಎತ್ತರ ಏರಿಸಬೇಕು, ಇಲ್ಲವೇ ಇನ್ನೂ ಗಟ್ಟಿ ಸ್ಪ್ರಿಂಗ್ ಹಾಕಬೇಕು. ‘ಗಟ್ಟಿಯಾದ ಗಾಡಿಗೆ ಇನ್ನೂ ಗಟ್ಟಿ ಸ್ಪ್ರಿಂಗ್ ಹಾಕಿ’ ಅಂತ ಬರೆದರೆ ಓದುವವರು ನನ್ನನ್ನೇ ಅನುಮಾನಿಸುತ್ತಾರೆ, ಅಲ್ವಾ?

ಇನ್ನೊಂದು ಕೇಸು. ಶಾಕ್ ಹಿಗ್ಗುವುದನ್ನು ಅತಿಯಾಗಿ ತಡೆದರೆ, ಸಾಲು ಉಬ್ಬುಗಳ ಮೇಲೆ ಸ್ಪ್ರಿಂಗಿಗೆ ವಾಪಸ್ ಬರಲು ಪುರುಸೊತ್ತೇ ಸಿಗುವುದಿಲ್ಲ. ಗಾಡಿ ಉಬ್ಬಿನಿಂದ ಉಬ್ಬಿಗೆ ಕೆಳಗೆ ಕೂರುತ್ತಾ ಹೋಗುತ್ತದೆ. ಕೊನೆಗೆ ಅದೇ ರಬ್ಬರು, ಅದೇ ‘ಗಟ್ಟಿ’. ಇಲ್ಲಿ ಮಾತ್ರ ಮದ್ದು, ಶಾಕಿನ ತಡೆಯನ್ನು ಹೆಚ್ಚು ಕಡಿಮೆ ಮಾಡುವ ನಾಬನ್ನು ಸಡಿಲಿಸುವುದು.

ಹಾಗಾಗಿ ಸದ್ಯಕ್ಕೆ ಹೀಗೆ ಹಂಚಿಕೊಂಡಿದ್ದೇನೆ. ಸ್ಪ್ರಿಂಗಿಗೆ ಪೆಡಸು–ಮೆದು. ಶಾಕಿಗೆ ಬಿಗಿ–ಸಡಿಲ. ರಬ್ಬರಿಗೆ ಹೊಡೆಯುವುದಕ್ಕೆ ‘ತಳ ಹೊಡೆಯುವುದು’. ಸ್ಪ್ರಿಂಗಿಗೆ ಮೊದಲು ‘ಗಡಸು’ ಇಟ್ಟಿದ್ದೆ. ಆದರೆ ಗಡಸುತನ ಅಂದರೆ ಲೋಹದ ಮೇಲೆ ಗೀರು, ಗುಳಿ ಎಷ್ಟು ಸುಲಭಕ್ಕೆ ಬೀಳುವುದಿಲ್ಲ ಅನ್ನುವ ಲೆಕ್ಕ. ಒಂದೇ ಗಡಸಿನ ಉಕ್ಕಿನಿಂದ ಮೆದು ಸ್ಪ್ರಿಂಗೂ ಮಾಡಬಹುದು, ಪೆಡಸು ಸ್ಪ್ರಿಂಗೂ ಮಾಡಬಹುದು. ತಂತಿ ಎಷ್ಟು ದಪ್ಪ, ಸುತ್ತು ಎಷ್ಟು, ಸುರುಳಿ ಎಷ್ಟು ಅಗಲ ಅನ್ನುವುದರ ಮೇಲೆ ಅದು ನಿಂತಿದೆ. ಪೆಡಸು ಅಂದರೆ ಸುಲಭವಾಗಿ ಮಣಿಯದ್ದು, ಒಪ್ಪುತ್ತದೆ. ಕೆಲವರ ಕಿವಿಗೆ ಅದು ‘ಪಟ್ಟಂತ ಮುರಿಯುವಂಥದ್ದು’ ಅಂತ ಕೇಳಿಸೀತು ಅನ್ನುವುದೊಂದೇ ಅಳುಕು. ನಿಮ್ಮ ಕಡೆ ಹೇಗೆ ಬಳಸುತ್ತೀರಿ?

‘ಬಿಗಿ’ಗೂ ತೊಡಕಿದೆ. ಲಾಕ್ ರಿಂಗನ್ನೂ ಬಿಗಿ ಮಾಡುತ್ತೇವೆ. ಅದಕ್ಕಿಂತ ದೊಡ್ಡ ಗೊಂದಲ, ಸ್ಪ್ರಿಂಗಿನ ಕೆಳಗಿನ ರಿಂಗ್ ತಿರುಗಿಸಿ ಮೇಲೇರಿಸುವುದಕ್ಕೂ ‘ಸ್ಪ್ರಿಂಗ್ ಬಿಗಿ ಮಾಡು’ ಅನ್ನುತ್ತಾರೆ. ಕೇಳಿದವರು ಸ್ಪ್ರಿಂಗ್ ಪೆಡಸಾಯಿತು ಅಂದುಕೊಳ್ಳುತ್ತಾರೆ. ಆಗುವುದಿಲ್ಲ. ಉದ್ದಕ್ಕೂ ಒಂದೇ ಲೆಕ್ಕದ ಸ್ಪ್ರಿಂಗಾದರೆ 6 ಕೆಜಿ ಸ್ಪ್ರಿಂಗ್ 6 ಕೆಜಿಯದ್ದೇ ಆಗಿರುತ್ತದೆ, ಗಾಡಿ ಮೇಲೇಳುತ್ತದೆ ಅಷ್ಟೇ. ಶಾಕಿನ ಬುಡವನ್ನೇ ತಿರುಗಿಸಿ ಎತ್ತರ ಬದಲಿಸುವ ಮಾದರಿಗಳಲ್ಲಿ ಈ ರಿಂಗನ್ನು ಮುಟ್ಟಬೇಕಾಗಿಯೇ ಇಲ್ಲ. ಪ್ರೀಲೋಡಿಗೆ ‘ಮುನ್ನೊತ್ತು’ ಅಂತ ಬರೆದುಕೊಂಡಿದ್ದೇನೆ. ಗಾಡಿಯ ಭಾರ ಬೀಳುವ ಮುಂಚೆಯೇ ಇರುವ ಒತ್ತು. ‘ಪೂರ್ವಭಾರ’ ಬೇಡ, ಅದು ಯಾವುದೋ ಸರ್ಕಾರಿ ಫಾರಂನ ಕಾಲಂ ಥರ ಕೇಳುತ್ತದೆ.

ಕುಗ್ಗು–ಹಿಗ್ಗು ಜೋಡಿ ಮಾತ್ರ ಕೇಳದೆಯೇ ಬಂದು ಕೂತಿತು. ಚಕ್ರ ಮೇಲೆ ಬಂದಾಗ ಶಾಕ್ ಕುಗ್ಗುತ್ತದೆ, ಕೆಳಗಿಳಿದಾಗ ಹಿಗ್ಗುತ್ತದೆ. ಒಂದೇ ನಾಬ್ ಇರುವ ಬಹಳಷ್ಟು ಕಾಯಿಲೋವರ್‌ಗಳಲ್ಲಿ ಎರಡೂ ಒಟ್ಟಿಗೆ ಬದಲಾಗುತ್ತವೆ, ಜಾಸ್ತಿ ಬದಲಾಗುವುದು ಹಿಗ್ಗು. ‘ಹಿಗ್ಗಿನ ಬಿಗಿ’ ಅಂದರೆ ಸಂತೋಷಕ್ಕೆ ಕಡಿವಾಣ ಅಂತ ಯಾರೂ ತಿಳಿಯಲಾರರು ಅಂತ ನಂಬಿದ್ದೇನೆ.

ಇನ್ನು ಕಾಯಿಲೋವರ್ ಅನ್ನುವ ಹೆಸರೇ. ಶಾಕಿನ ಸುತ್ತ ಸುರುಳಿ ಸ್ಪ್ರಿಂಗ್ ಇರುವುದು ಅಂತ ಅರ್ಥ. ಬಹಳಷ್ಟು ಹಳೇ ವ್ಯಾಗನ್‌ಗಳ ಹಿಂಭಾಗದಲ್ಲಿ ಹಾಗಿರುವುದೇ ಇಲ್ಲ. ಬಿಎಂಡಬ್ಲ್ಯೂ ಇ46 ಟೂರಿಂಗ್‌ನಲ್ಲಿ ಹಿಂದಿನ ಸ್ಪ್ರಿಂಗ್ ಒಂದು ಕಡೆ, ಶಾಕ್ ಇನ್ನೊಂದು ಕಡೆ. ಕೊಂಡು ತಂದ ಡಬ್ಬದ ಮೇಲೆ ಮಾತ್ರ ‘ಕಾಯಿಲೋವರ್ ಸೆಟ್’ ಅಂತ ಬರೆದಿರುತ್ತದೆ! ಸ್ಪ್ರಿಂಗ್ ಹೀಗೆ ಚಕ್ರವನ್ನು ಹಿಡಿದಿರುವ ತೋಳಿನ ಮೇಲೆ, ಚಕ್ರಕ್ಕಿಂತ ಒಳಗಡೆ ಕೂತಾಗ, ಚಕ್ರ 10 ಮಿಮೀ ಎದ್ದರೆ ಅದು 7 ಮಿಮೀ ಮಾತ್ರ ಒತ್ತಿಕೊಳ್ಳುತ್ತದೆ ಅಂತಿಟ್ಟುಕೊಳ್ಳಿ. ಆಗ ಚಕ್ರಕ್ಕೆ ಸಿಗುವುದು ಸ್ಪ್ರಿಂಗಿನ ಪೆಡಸಿನ 0.7 × 0.7 ಪಾಲು, ಅಂದರೆ ಸುಮಾರು ಅರ್ಧ. ಹಿಂದಿನ ಸ್ಪ್ರಿಂಗಿನ ಅಂಕಿ ದೊಡ್ಡದು ಅಂತ ಹಿಂಭಾಗ ಪೆಡಸು ಅನ್ನುವ ಹಾಗಿಲ್ಲ. ‘ಸ್ಪ್ರಿಂಗಿನ ಪೆಡಸು’, ‘ಚಕ್ರದ ಪೆಡಸು’ ಅಂತ ಎರಡಾಗಿ ಬರೆಯುತ್ತಿದ್ದೇನೆ.

ಮೂರನೆಯದೂ ಬೇಕೇನೋ. ಹಿಂದಿನ ಒಂದು ಚಕ್ರದ ಮೇಲೆ 350 ಕೆಜಿ ಕೂತಿದೆ, ಚಕ್ರದ ಪೆಡಸು ಮಿಲಿಮೀಟರಿಗೆ 35 ನ್ಯೂಟನ್ ಅಂದರೆ ಆ ಮೂಲೆ ಸೆಕೆಂಡಿಗೆ ಸುಮಾರು 1.6 ಸಲ ತೂಗುತ್ತದೆ. ಇನ್ನೂ 100 ಕೆಜಿ ಹೇರಿದರೆ 1.4ಕ್ಕೆ ಇಳಿಯುತ್ತದೆ. ಸ್ಪ್ರಿಂಗ್ ಬದಲಾಗಿಲ್ಲ, ಗಾಡಿ ಮೆದುವಾಯಿತು. ವ್ಯಾಗನ್‌ನ ಪಾಡೇ ಇದು, ಖಾಲಿ ಇದ್ದಾಗಿನ ಹದ ತುಂಬಿದಾಗ ಇರುವುದಿಲ್ಲ. ಇದಕ್ಕೆ ‘ತೂಗಾಟ’ ಸಾಕೇ?

‘ಶಾಕ್ ಭಾರ ಹೊರುವುದಿಲ್ಲ’ ಅಂತ ಮೇಲೆ ಹೇಳಿದ್ದಕ್ಕೂ ಅಪವಾದ ಇದೆ. ಕೆಲವು ವೋಲ್ವೋ ವ್ಯಾಗನ್‌ಗಳ ಹಿಂದೆ ಬರುವ ನಿವೋಮ್ಯಾಟ್ ಶಾಕ್, ಗಾಡಿ ಓಡುವಾಗಿನ ಕುಲುಕಾಟದಿಂದಲೇ ತನ್ನೊಳಗೆ ಒತ್ತಡ ತುಂಬಿಕೊಂಡು ಹಿಂಭಾಗವನ್ನು ಎತ್ತುತ್ತದೆ. ಅದರ ಜೊತೆ ಬರುವ ಸ್ಪ್ರಿಂಗ್ ಮೆದು. ಶಾಕ್ ಮಾತ್ರ ತೆಗೆದು ಮಾಮೂಲಿಯದು ಹಾಕಿದರೆ ಗಾಡಿ ಹಿಂದೆ ಕುಸಿಯುತ್ತದೆ, ಸ್ಪ್ರಿಂಗೂ ಬದಲಾಗಬೇಕು. ಇದನ್ನು ‘ಹೊರೆಶಾಕ್’ ಅಂತ ಕರೆಯುವ ಆಸೆ ಇದೆ. ಸುಮ್ನೆ ಅತಿ ಮಾಡುತ್ತಿದ್ದೇನೆ ಅನ್ನಿಸಿದರೆ ಹೇಳಿ, ನಿವೋಮ್ಯಾಟ್ ಅಂತಲೇ ಬಿಡುತ್ತೇನೆ.

ಕೊನೆಯದಾಗಿ ಒಂದು ತುರ್ತು ಪ್ರಶ್ನೆ. ನಾಬಿನ ಕ್ಲಿಕ್ಕುಗಳನ್ನು ಸಾಮಾನ್ಯವಾಗಿ ಪೂರ್ತಿ ಬಿಗಿಯ ತುದಿಯಿಂದ ಎಣಿಸುತ್ತಾರೆ. ನನ್ನ ಕರಡಿನಲ್ಲಿ ‘ಹಿಂದೆ ಹತ್ತು ಕ್ಲಿಕ್ ಹಿಂದಕ್ಕೆ’ ಅಂತ ಒಂದು ವಾಕ್ಯ ಇದೆ. ಮೊದಲ ‘ಹಿಂದೆ’ ಗಾಡಿಯ ಹಿಂಭಾಗ, ಎರಡನೆಯದು ನಾಬ್ ತಿರುಗುವ ದಿಕ್ಕು. ‘ಹಿಂದಿನ ಶಾಕ್ ಹತ್ತು ಕ್ಲಿಕ್ ಸಡಿಲಿಸಿ’ ಅಂದರೆ ಗೊಂದಲ ಹೋಗುತ್ತದೆ, ಆದರೆ ಎಲ್ಲಿಂದ ಎಣಿಸಬೇಕು ಅನ್ನುವುದೂ ಹೋಗುತ್ತದೆ. ಎರಡನ್ನೂ ಉಳಿಸಿಕೊಳ್ಳುವ ಚಿಕ್ಕ ವಾಕ್ಯ ಯಾರಿಗಾದರೂ ಹೊಳೆಯುತ್ತದೆಯೇ?